ಸೆರಗು ತೋರಿಸುವಾಗ ಚಿತ್ರ ನಿಲ್ಲದಿರಲು: ರೂಟರ್‌ನಲ್ಲಿ ಕ್ಯೂಓಎಸ್ ಹೊಂದಿಸುವ ಬಗೆ

ಇಳಕಲ್ಲಿನ ಒಂದು ಸೀರೆ ಅಂಗಡಿ. ಸಾವಕಾರರು ಗಾದಿಯ ಮೇಲೆ ಕುಳಿತು ಪುಣೆಯ ಗಿರಾಕಿಗೆ ವಿಡಿಯೊ ಕರೆಯಲ್ಲಿ ಸೀರೆ ತೋರಿಸುತ್ತಿದ್ದರು. ಒಡಲು ತೋರಿಸಿದರು, ದಡಿ ತೋರಿಸಿದರು. ಕೆಂಪು ರೇಷ್ಮೆಯ ಸೆರಗು ಬಿಚ್ಚಿ, ಟೋಪ ತೆನೆಯ ಬಿಳಿ ನೇಯ್ಗೆಯನ್ನು ಮೊಬೈಲಿನ ಹತ್ತಿರಕ್ಕೆ ತಂದರು. ಸರಿಯಾಗಿ ಆಗಲೇ ಅತ್ತ ಚಿತ್ರ ಚೌಕ ಚೌಕವಾಗಿ ಒಡೆದು ನಿಂತಿತು. ಫೋನ್ ಕೆಳಗಿಟ್ಟು ನನ್ನ ಕಡೆ ತಿರುಗಿದರು. “ನೋಡು ತಮ್ಮಾ, ನಲವತ್ತು ಎಂಬಿಪಿಎಸ್‌ಗೆ ದುಡ್ಡು ಕಟ್ಟುತ್ತೇನೆ. ಸೆರಗು ತೋರಿಸುವಾಗಲೇ ಇದಕ್ಕೆ ಏನು ಧಾಡಿ?”

ಸೆರಗಿಗೂ ಧಾಡಿಗೂ ಸಂಬಂಧ ಇಲ್ಲದಿಲ್ಲ. ಸೂಕ್ಷ್ಮ ನೇಯ್ಗೆ ಕ್ಯಾಮೆರಾದ ಮುಂದೆ ಅಲುಗಾಡಿದಾಗ ವಿಡಿಯೊ ಕಳಿಸಲು ಹೆಚ್ಚು ಬಿಟ್‌ಗಳು ಬೇಕಾಗುತ್ತವೆ. ಸಾದಾ ಗೋಡೆ ತೋರಿಸುವಾಗ ಹೇಗೋ ನಡೆದುಹೋಗುವ ಕರೆ ಆ ಹೊತ್ತಿಗೆ ಮುಗ್ಗರಿಸುತ್ತದೆ. ಆದರೆ ಮೂಲ ತೊಂದರೆ ಬೇರೆ. ಆ ಅಂಗಡಿಯ ಇಂಟರ್ನೆಟ್‌ಗೆ ವೇಗ ಕಡಿಮೆ ಇರಲಿಲ್ಲ, ಪಾಳಿ ಕೆಟ್ಟಿತ್ತು.

ನವೆಂಬರ್ ತಿಂಗಳಲ್ಲಿ ಮುಧೋಳ, ಜಮಖಂಡಿ ಕಡೆಗೆ ಹೋದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸಕ್ಕರೆ ಕಾರ್ಖಾನೆಯ ಗೇಟಿನ ಮುಂದೆ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ನಿಂತಿರುತ್ತವೆ. ಅವುಗಳ ಹಿಂದೆ ಒಬ್ಬ ಬೈಕಿನವನು ಸಿಕ್ಕಿಕೊಂಡರೆ, ಅವನಿಗೆ ಬೇಕಾದ ಜಾಗ ಒಂದು ಮೊಳವೇ ಆದರೂ ಟ್ರ್ಯಾಕ್ಟರಿನ ಪಾಳಿಯನ್ನೇ ಕಾಯಬೇಕು. ಇಂಟರ್ನೆಟ್ ಧ್ವನಿ ಕರೆಯ ಪ್ಯಾಕೆಟ್ (ಮಾಹಿತಿಯ ಚಿಕ್ಕ ತುಣುಕು) ಆ ಬೈಕಿನ ಹಾಗೆ. ಜಿ.711 ಎಂಬ ಹಳೆಯ ಧ್ವನಿ ಮಾದರಿಯಲ್ಲಿ ಸೆಕೆಂಡಿಗೆ 50 ಪ್ಯಾಕೆಟ್‌ಗಳು ಹೋಗುತ್ತವೆ, ಒಂದೊಂದೂ ಸುಮಾರು 200 ಬೈಟ್. ಫೋಟೊ ಬ್ಯಾಕಪ್, ಸಿಸಿ ಕ್ಯಾಮೆರಾದ ರೆಕಾರ್ಡಿಂಗ್ ಇವೆಲ್ಲ 1500 ಬೈಟ್‌ನ ಕಬ್ಬಿನ ಗಾಡಿಗಳು. ರೂಟರ್ ಅಥವಾ ಮೋಡೆಮ್‌ನ ಬಫರ್‌ನಲ್ಲಿ, ಅಂದರೆ ಪ್ಯಾಕೆಟ್‌ಗಳು ಕಾಯುವ ಜಾಗದಲ್ಲಿ, 1 ಮೆಗಾಬೈಟ್‌ನಷ್ಟು ಇಂಥ ಗಾಡಿಗಳು ನಿಂತಿದ್ದು, ಹೊರಹೋಗುವ ದಾರಿ 10 ಎಂಬಿಪಿಎಸ್‌ನದ್ದಾದರೆ, ಕೊನೆಯಲ್ಲಿ ಬಂದ ಧ್ವನಿ ಪ್ಯಾಕೆಟ್ 800 ಮಿಲಿಸೆಕೆಂಡ್ ಕಾಯಬೇಕು. ಮಾತುಕತೆ ಸಹಜವಾಗಿರಲು ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಒಳಗಿರಬೇಕು ಎನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವಾದ ಐಟಿಯುವಿನ ಜಿ.114 ಶಿಫಾರಸು. ಹೀಗೆ ಬಫರ್ ತುಂಬಿ ವಿಳಂಬ ಉಬ್ಬುವುದಕ್ಕೆ ಬಫರ್‌ಬ್ಲೋಟ್ ಎಂದು ಹೆಸರು.

ಕ್ಯೂಓಎಸ್ (ಕ್ವಾಲಿಟಿ ಆಫ್ ಸರ್ವಿಸ್) ಎಂದರೆ ಈ ಪಾಳಿಯನ್ನು ನಡೆಸುವ ಕೆಲಸ. ಅದು ವೇಗವನ್ನು ಹೆಚ್ಚಿಸುವುದಿಲ್ಲ, ತುಸು ತಿನ್ನುತ್ತದೆ. ಇದನ್ನು ಮೊದಲೇ ಹೇಳಿ ಒಪ್ಪಿಸದೆ ನಾನು ಯಾರ ರೂಟರ್‌ಗೂ ಕೈ ಹಚ್ಚುವುದಿಲ್ಲ.

ಮೊದಲು ಅಳತೆ

ಏನನ್ನೂ ಬದಲಿಸುವ ಮೊದಲು ಒಂದು ಲ್ಯಾಪ್‌ಟಾಪನ್ನು ಕೇಬಲ್ ಹಾಕಿ ರೂಟರ್‌ಗೆ ಜೋಡಿಸಿ. ವೈ-ಫೈನಲ್ಲಿ ಅಳೆಯಬೇಡಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಕಲ್ಲಿನ ಗೋಡೆ ಒಂದೂವರೆ ಅಡಿ ದಪ್ಪವಿರುತ್ತದೆ. ಅದರಾಚೆ ಸಿಗ್ನಲ್ ಸಿಗದೆ ಕರೆ ಒಡೆಯುತ್ತಿದ್ದರೆ ಅದು ಕ್ಯೂಓಎಸ್‌ನ ಕೆಲಸವೇ ಅಲ್ಲ. ವೈ-ಫೈ ಹರಡುವ ಇನ್ನೊಂದು ಆ್ಯಕ್ಸೆಸ್ ಪಾಯಿಂಟ್ ಹಾಕಿಸಿ, ಈ ಲೇಖನವನ್ನು ಇಲ್ಲಿಗೇ ಬಿಡಿ.

ಕೇಬಲ್‌ನಲ್ಲೂ ತೊಂದರೆ ಕಂಡರೆ ಮುಂದುವರಿಯಿರಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 8.8.8.8 ವಿಳಾಸಕ್ಕೆ ನಿಲ್ಲದೆ ಪಿಂಗ್, ಅಂದರೆ ಹೋಗಿ ಮರಳುವ ಹೊತ್ತನ್ನು ಅಳೆಯುವ ಚಿಕ್ಕ ಸಂದೇಶ, ಹೋಗುವಂತೆ ಬಿಡಿ (ಆಜ್ಞೆಯ ಕೊನೆಗೆ ಅಡ್ಡಗೆರೆ ಮತ್ತು ಟಿ ಅಕ್ಷರ ಹಾಕಿದರೆ ಅದು ನಿಲ್ಲುವುದಿಲ್ಲ). ಯಾರೂ ಏನೂ ಮಾಡದಿರುವಾಗ ಬರುವ ಸಂಖ್ಯೆಯನ್ನು ಬರೆದುಕೊಳ್ಳಿ. ನಂತರ ಪಿಂಗ್ ಓಡುತ್ತಿರುವಾಗಲೇ ಒಂದು ದೊಡ್ಡ ವಿಡಿಯೊ ಕಡತವನ್ನು ಡ್ರೈವ್‌ಗೆ ಅಪ್‌ಲೋಡ್ ಮಾಡಲು ಹಚ್ಚಿ, ಸಂಖ್ಯೆ ಎಲ್ಲಿಗೆ ಏರುತ್ತದೆ ನೋಡಿ. ಆ ಅಂಗಡಿಯಲ್ಲಿ 24 ಮಿಲಿಸೆಕೆಂಡ್ ಇದ್ದದ್ದು 640ಕ್ಕೆ ಹಾರಿತು. ಸಾವಕಾರರ ಮಗ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ. ಅವನಿಗೆ ಅಲ್ಲಿಯವರೆಗೆ ಸ್ಪೀಡ್ ಟೆಸ್ಟ್‌ನ ಸೂಜಿ ಎಷ್ಟು ಮೇಲೇರುತ್ತದೆ ಎನ್ನುವುದೊಂದೇ ಗೊತ್ತಿತ್ತು.

ಆ ಸೂಜಿಯೂ ಬೇಕು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ ಎಂಟರ ಸುಮಾರಿಗೆ ಒಮ್ಮೆ ವೇಗ ಅಳೆಯಿರಿ. ಅಪ್‌ಲೋಡ್ ಮತ್ತು ಡೌನ್‌ಲೋಡ್ ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಮೂರರಲ್ಲಿ ಕಡಿಮೆ ಬಂದ ಸಂಖ್ಯೆ. ಬಿಲ್ಲಿನ ಮೇಲೆ ಅಚ್ಚಾದ ಸಂಖ್ಯೆಯಲ್ಲ. ಅಂಗಡಿಯಲ್ಲಿ ಡೌನ್‌ಲೋಡ್ 38, ಅಪ್‌ಲೋಡ್ 18 ಬಂತು.

ಪಾಳಿ ಯಾರ ಅಂಗಳದಲ್ಲಿದೆ?

ಹೆಚ್ಚಿನವರು ಎಡವುವುದು ಇಲ್ಲಿಯೇ. ರೂಟರ್‌ನ ಪುಟ ತೆರೆದು, ಪ್ರಾಶಸ್ತ್ಯದ ಪಟ್ಟಿಯಲ್ಲಿ ತಮ್ಮ ಫೋನನ್ನು ಮೇಲಕ್ಕೆ ಹಾಕಿ, ಉಳಿಸಿ, ಏನೂ ಬದಲಾಗಲಿಲ್ಲ ಎಂದು ಬೈಯುತ್ತಾರೆ. ಪಟ್ಟಿ ಕೆಲಸ ಮಾಡಬೇಕಾದರೆ ಪ್ಯಾಕೆಟ್‌ಗಳು ಆ ರೂಟರ್‌ನಲ್ಲೇ ನಿಂತು ಕಾಯುತ್ತಿರಬೇಕು. ರೂಟರ್‌ನಿಂದ ಮೋಡೆಮ್‌ಗೆ ಹೋಗುವ ಕೇಬಲ್‌ನ ವೇಗ ಸಾಮಾನ್ಯವಾಗಿ 1000 ಎಂಬಿಪಿಎಸ್. ಅಲ್ಲಿ ಯಾರೂ ಕಾಯುವುದೇ ಇಲ್ಲ. ಎಲ್ಲರೂ ಸರ್ರನೆ ದಾಟಿ ಮುಂದಿನ ಇಕ್ಕಟ್ಟಿನಲ್ಲಿ, ಅಂದರೆ ಮೋಡೆಮ್‌ನಲ್ಲೋ ಕಂಪನಿಯ ಯಂತ್ರದಲ್ಲೋ ರಾಶಿ ಬೀಳುತ್ತಾರೆ. ಅಲ್ಲಿ ನಿಮ್ಮ ಮಾತು ನಡೆಯದು.

ಆದ್ದರಿಂದ ಇಕ್ಕಟ್ಟನ್ನು ನಾವೇ ಮಾಡಿಕೊಳ್ಳಬೇಕು. ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆ ಮಿತಿಯನ್ನು ನಮ್ಮ ರೂಟರ್‌ನಲ್ಲಿ ಹಾಕಿದರೆ ಪಾಳಿ ನಮ್ಮ ಅಂಗಳಕ್ಕೆ ಬರುತ್ತದೆ. ಆಮೇಲೆ ಬೈಕನ್ನು ಮುಂದೆ ಬಿಡುವುದೋ ಟ್ರ್ಯಾಕ್ಟರನ್ನೋ, ಅದು ನಮ್ಮ ಇಚ್ಛೆ. ಇಡೀ ಕ್ಯೂಓಎಸ್‌ನಲ್ಲಿ ಇದೊಂದು ಅರ್ಥವಾದರೆ ಉಳಿದದ್ದು ಗುಂಡಿ ಒತ್ತುವ ಕೆಲಸ.

ನಾನೂ ಇಲ್ಲಿಯೇ ಎಡವಿದೆ, ಬೇರೆ ರೀತಿಯಲ್ಲಿ. ಮೊದಲ ದಿನ ಅಂಗಡಿಯ ರೂಟರ್‌ನಲ್ಲಿ ಎಲ್ಲವನ್ನೂ ಹೊಂದಿಸಿ, ಚಹಾ ಕುಡಿದು, ಬಾಗಲಕೋಟೆಗೆ ಮರಳಿದೆ. ಮರುದಿನ ಬೆಳಿಗ್ಗೆ ಫೋನ್: ಮತ್ತೆ ಅದೇ ಧಾಡಿ. ಹೋಗಿ ಕೇಬಲ್‌ಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಹಿಂಬಾಲಿಸಿದೆ. ಲಕ್ಷ್ಮಿಯ ಫೋಟೊದ ಹಿಂದೆ, ಮಾಡಿನಲ್ಲಿ, ಕಂಪನಿಯವರು ಕೊಟ್ಟ ಫೈಬರ್ ಪೆಟ್ಟಿಗೆ, ಅಂದರೆ ಮೋಡೆಮ್, ಇತ್ತು. ಅದರ ಒಂದನೇ ಪೋರ್ಟ್‌ನಿಂದ ರೂಟರ್‌ಗೆ ಕೇಬಲ್ ಹೋಗಿತ್ತು. ಎರಡನೇ ಪೋರ್ಟ್‌ನಿಂದ ಊದಿನಕಡ್ಡಿಯ ಬೂದಿ ಮೆತ್ತಿದ ಇನ್ನೊಂದು ಬಿಳಿ ಕೇಬಲ್ ಗೋಡೆ ಹತ್ತಿ ಅಟ್ಟದ ಮೇಲಿನ ಡಿವಿಆರ್‌ಗೆ (ಸಿಸಿ ಕ್ಯಾಮೆರಾಗಳ ರೆಕಾರ್ಡರ್) ಹೋಗಿತ್ತು. ಕ್ಯಾಮೆರಾ ಹಾಕಿದವರಿಗೆ ಹತ್ತಿರ ಸಿಕ್ಕ ಪೋರ್ಟ್ ಅದು. ನಾಲ್ಕು ಕ್ಯಾಮೆರಾಗಳ ರೆಕಾರ್ಡಿಂಗ್ ದಿನವಿಡೀ ಕ್ಲೌಡ್‌ಗೆ ಹೋಗುತ್ತಿದ್ದದ್ದು ನನ್ನ ರೂಟರ್‌ನ ಮುಖವನ್ನೂ ನೋಡದೆ.

ಹಾಗಾಗಿ ಕೇಬಲ್ ಹಿಡಿದು ನೋಡಿ. ಮೋಡೆಮ್‌ನಿಂದ ಹೊರಡುವ ಕೇಬಲ್ ಒಂದೇ ಇರಬೇಕು, ಅದು ನಿಮ್ಮ ರೂಟರ್‌ನ ವ್ಯಾನ್ ಪೋರ್ಟ್‌ಗೆ (ಇಂಟರ್ನೆಟ್ ಒಳಬರುವ ಕಿಂಡಿ) ಹೋಗಬೇಕು. ಮೋಡೆಮ್‌ನದೇ ವೈ-ಫೈ ಇದ್ದರೆ ಅದನ್ನು ಬಂದ್ ಮಾಡಿ. ಅದರ ಪಾಸ್‌ವರ್ಡ್ ಗೊತ್ತಿರುವ ಒಬ್ಬ ಸೋದರಳಿಯ ಎಲ್ಲ ಮನೆಗಳಲ್ಲೂ ಇರುತ್ತಾನೆ. ಸಾಧ್ಯವಾದರೆ ಕಂಪನಿಗೆ ಹೇಳಿ ಮೋಡೆಮನ್ನು ಬ್ರಿಡ್ಜ್ ಮೋಡ್‌ಗೆ (ಬರಿಯ ಸೇತುವೆಯಾಗಿ ದಾಟಿಸುವ ಬಗೆ) ಹಾಕಿಸಿ, ಪಿಪಿಪಿಒಇ ಎಂಬ ಕಂಪನಿಯ ಲಾಗಿನ್ ನಿಮ್ಮ ರೂಟರ್‌ನಿಂದ ಆಗುವಂತೆ ಮಾಡಿಕೊಳ್ಳಿ. ಹಾಗೆ ಮಾಡದಿದ್ದರೂ ಕ್ಯೂಓಎಸ್ ನಡೆಯುತ್ತದೆ. ಮೋಡೆಮ್‌ಗೆ ಲ್ಯಾಂಡ್‌ಲೈನ್ ಫೋನ್ ಜೋಡಿಸಿದ್ದರೆ ಮಾತ್ರ ಅದನ್ನು ಅಲ್ಲಿಯೇ ಬಿಡಿ.

ಮಿತಿ ಹಾಕುವುದು

ಅಳೆದ ಕನಿಷ್ಠ ವೇಗದ ಶೇ 90ರಿಂದ ಶುರು ಮಾಡಿ. ಅಪ್‌ಲೋಡ್ 18 ಇದ್ದಲ್ಲಿ 16.2, ಡೌನ್‌ಲೋಡ್ 38 ಇದ್ದಲ್ಲಿ 34.2 ಎಂಬಿಪಿಎಸ್. ರೂಟರ್‌ನಲ್ಲಿ ಸಾಮಾನ್ಯವಾಗಿ ಕೆಬಿಪಿಎಸ್‌ನಲ್ಲಿ ಕೇಳುತ್ತಾರೆ, ಆಗ 16200 ಮತ್ತು 34200. ಸೊನ್ನೆ ಒಂದು ಕಡಿಮೆಯಾದರೆ ಅಂಗಡಿಯ ಇಂಟರ್ನೆಟ್ 2ಜಿ ಕಾಲಕ್ಕೆ ಹೋಗುತ್ತದೆ. ಇನ್ನು ಕೆಲವು ರೂಟರ್‌ಗಳು ಕಿಲೊಬೈಟ್‌ನಲ್ಲಿ ಕೇಳುತ್ತವೆ. ಅಲ್ಲಿ 8ರಿಂದ ಭಾಗಿಸಬೇಕು. ಸಂಖ್ಯೆ ತುಂಬುವ ಚೌಕದ ಪಕ್ಕದಲ್ಲಿ ಬರೆದಿರುವ ಏಕಮಾನವನ್ನು ಎರಡು ಸಲ ಓದಿ.

ಅಪ್‌ಲೋಡ್ ಮಿತಿಯೇ ಮುಖ್ಯ. ಹೊರಗೆ ಹೋಗುವ ಪ್ಯಾಕೆಟ್ ನಮ್ಮ ಕೈಯಲ್ಲಿದೆ, ಯಾವಾಗ ಬಿಡಬೇಕೆಂದು ನಾವೇ ತೀರ್ಮಾನಿಸುತ್ತೇವೆ. ಒಳಗೆ ಬರುವುದು ಆಗಲೇ ಇಕ್ಕಟ್ಟನ್ನು ದಾಟಿ ಬಂದಿರುತ್ತದೆ. ಅದನ್ನು ತಡೆದು, ಕೆಲವನ್ನು ಬೀಳಿಸಿ, ಕಳಿಸುವವನು ತಾನಾಗಿಯೇ ನಿಧಾನಿಸುವಂತೆ ಮಾಡುವುದಷ್ಟೇ ಸಾಧ್ಯ. ಡೌನ್‌ಲೋಡ್‌ನಲ್ಲಿ ಶೇ 85ಕ್ಕೆ ಇಳಿಯಬೇಕಾಗಿ ಬಂದರೆ ಬೇಸರಿಸಬೇಡಿ. 4ಜಿ, 5ಜಿ ಡಾಂಗಲ್ ಅಥವಾ ಗೋಪುರದಿಂದ ಬರುವ ನಿಸ್ತಂತು ಸಂಪರ್ಕವಾದರೆ ವೇಗ ಗಳಿಗೆಗೊಂದು ಇರುತ್ತದೆ. ಅಲ್ಲಿ ಇನ್ನೂ ಕೆಳಗೆ ಹಿಡಿಯಬೇಕು, ಫಲವೂ ಅಷ್ಟಕ್ಕಷ್ಟೆ.

ಮುಂದಿನದು ನಿಮ್ಮ ಬಳಿ ಯಾವ ರೂಟರ್ ಇದೆ ಎನ್ನುವುದರ ಮೇಲೆ ನಿಂತಿದೆ.

ಸಾಮಾನ್ಯ ಮನೆ ರೂಟರ್ ಆದರೆ, ಅದರ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿರುವ ವಿಳಾಸವನ್ನು (192.168.0.1 ಅಥವಾ 192.168.1.1 ಇರುವುದೇ ಹೆಚ್ಚು) ಬ್ರೌಸರ್‌ನಲ್ಲಿ ತೆರೆದು ಲಾಗಿನ್ ಆಗಿ. ಅಡ್ವಾನ್ಸ್ಡ್ ಭಾಗದಲ್ಲಿ ಕ್ಯೂಓಎಸ್ ಅಥವಾ ಬ್ಯಾಂಡ್‌ವಿಡ್ತ್ ಕಂಟ್ರೋಲ್ ಎಂದಿರುತ್ತದೆ. ಒಟ್ಟು ಅಪ್‌ಲೋಡ್, ಡೌನ್‌ಲೋಡ್ ಕೇಳುವಲ್ಲಿ ನಿಮ್ಮ ಶೇ 90ರ ಸಂಖ್ಯೆಗಳನ್ನು ತುಂಬಿ, ಕರೆ ಮಾಡುವ ಸಾಧನವನ್ನು ಹೈ ಪ್ರಯಾರಿಟಿ ಮಾಡಿ. ಒಟ್ಟು ವೇಗ ಕೇಳದೆ ಬರಿಯ ಪಟ್ಟಿ ಕೊಡುವ ರೂಟರ್‌ಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಒಂದು ಎಚ್ಚರಿಕೆ: ರೂಟರ್ ಸಾಧನವನ್ನು ಗುರುತಿಸುವುದು ಅದರ ಮ್ಯಾಕ್ ವಿಳಾಸ ಎಂಬ ಗುರುತು ಸಂಖ್ಯೆಯಿಂದ. ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದ ಈಚೆಗೆ ಫೋನ್‌ಗಳು ವೈ-ಫೈಗೆ ತಮ್ಮ ನಿಜವಾದ ಮ್ಯಾಕ್ ಬದಲು ಕೃತಕ ವಿಳಾಸ ಕೊಡುತ್ತವೆ. ಅದು ಬದಲಾದರೆ ರೂಟರ್‌ಗೆ ನಿಮ್ಮ ಫೋನ್ ಹೊಸಬನಾಗಿ ಕಾಣುತ್ತದೆ. ಫೋನ್‌ನ ವೈ-ಫೈ ಸೆಟ್ಟಿಂಗ್‌ನಲ್ಲಿ ಮನೆಯ ನೆಟ್‌ವರ್ಕ್‌ಗೆ ಮಾತ್ರ ಈ ಕೃತಕ ವಿಳಾಸವನ್ನು ಬಂದ್ ಮಾಡಿಡಿ.

ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಓಡುವ ರೂಟರ್ ಇದ್ದರೆ ನೀವು ಪುಣ್ಯವಂತರು. ಸಿಸ್ಟಮ್ ಮೆನುವಿನ ಸಾಫ್ಟ್‌ವೇರ್ ಪುಟದಿಂದ ಲೂಸಿ-ಆ್ಯಪ್-ಎಸ್‌ಕ್ಯೂಎಂ ಎಂಬ ಪ್ಯಾಕೇಜ್ ಹಾಕಿಕೊಳ್ಳಿ. ನೆಟ್‌ವರ್ಕ್ ಮೆನುವಿನಲ್ಲಿ ಎಸ್‌ಕ್ಯೂಎಂ ಕ್ಯೂಓಎಸ್ ಕಾಣಿಸುತ್ತದೆ. ಅದರಲ್ಲಿ ವ್ಯಾನ್ ಇಂಟರ್‌ಫೇಸ್ ಆರಿಸಿ (ಪಿಪಿಪಿಒಇ ಇದ್ದರೆ ಆ ಹೆಸರಿನದು), ಎರಡು ಮಿತಿಗಳನ್ನು ತುಂಬಿ. ಕ್ಯೂ ಡಿಸಿಪ್ಲಿನ್ ಪುಟದಲ್ಲಿ ಕೇಕ್ ಮತ್ತು ಪೀಸ್ ಆಫ್ ಕೇಕ್ ಸ್ಕ್ರಿಪ್ಟ್ ಆರಿಸಿ. ಲಿಂಕ್ ಲೇಯರ್ ಪುಟದಲ್ಲಿ ಈಥರ್ನೆಟ್, ಓವರ್‌ಹೆಡ್ 44 ಎಂದು ಕೊಡಿ. ಸಕ್ರಿಯಗೊಳಿಸುವ ಚೌಕಕ್ಕೆ ಗುರುತು ಹಾಕಿ ಉಳಿಸಿ. ಫೈರ್‌ವಾಲ್ ಪುಟದಲ್ಲಿ ಹಾರ್ಡ್‌ವೇರ್ ಫ್ಲೋ ಆಫ್‌ಲೋಡಿಂಗ್ ಚಾಲೂ ಇದ್ದರೆ ಬಂದ್ ಮಾಡಿ, ಇಲ್ಲವಾದರೆ ಪ್ಯಾಕೆಟ್‌ಗಳು ಪಾಳಿ ತಪ್ಪಿಸಿ ಹಿಂಬಾಗಿಲಿನಿಂದ ಹೋಗುತ್ತವೆ. ಮುಗಿಯಿತು.

ಇಲ್ಲಿ ಯಾರಿಗೂ ಪ್ರಾಶಸ್ತ್ಯ ಕೊಡಲಿಲ್ಲವಲ್ಲ ಎನ್ನಬಹುದು. ಕೇಕ್ ಆಗಲಿ, ಅದರ ಅಣ್ಣನಂಥ ಎಫ್‌ಕ್ಯೂ-ಕೋಡೆಲ್ ಆಗಲಿ, ಪ್ರತಿಯೊಂದು ಸಂಪರ್ಕಕ್ಕೂ ಬೇರೆ ಬೇರೆ ಪಾಳಿ ಹಚ್ಚಿ, ಸುತ್ತು ಹಾಕುತ್ತ ಒಬ್ಬೊಬ್ಬರನ್ನೇ ಬಿಡುತ್ತವೆ. ಅಪ್‌ಲೋಡ್‌ನ ಸಾಲಿನಲ್ಲಿ ನೂರು ಗಾಡಿಗಳಿದ್ದರೂ ಧ್ವನಿಯ ಸಾಲಿನಲ್ಲಿ ಒಂದೇ ಬೈಕ್ ಇರುವುದರಿಂದ ಅದಕ್ಕೆ ಕಾಯುವ ಪ್ರಮೇಯವೇ ಇಲ್ಲ. ಕೋಡೆಲ್ ಎಂಬುದು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದ ಉಪಾಯ. ಸಾಲಿನಲ್ಲಿ ಎಷ್ಟು ಗಾಡಿಗಳಿವೆ ಎಂದು ಎಣಿಸುವ ಬದಲು ಒಂದೊಂದೂ ಎಷ್ಟು ಹೊತ್ತು ಕಾಯಿತು ಎಂದು ಅದು ನೋಡುತ್ತದೆ. ಕಾಯುವಿಕೆ 5 ಮಿಲಿಸೆಕೆಂಡ್ ಮೀರಿ 100 ಮಿಲಿಸೆಕೆಂಡ್ ಹೊತ್ತು ಹಾಗೆಯೇ ಮುಂದುವರಿದರೆ ಪ್ಯಾಕೆಟ್ ಬೀಳಿಸಲು ತೊಡಗುತ್ತದೆ. ಮನೆ, ಚಿಕ್ಕ ಅಂಗಡಿಗಳಿಗೆ ಇಷ್ಟು ಸಾಕೇ ಸಾಕು.

ಮೈಕ್ರೋಟಿಕ್ ಇದ್ದವರು

ಬ್ಯಾಂಕಿನ ಶಾಖೆ, ಹಾಸ್ಟೆಲ್, ದೊಡ್ಡ ಅಂಗಡಿಗಳಲ್ಲಿ ಮೈಕ್ರೋಟಿಕ್ ಕಂಪನಿಯ ರೂಟರ್ ಸಿಗುತ್ತದೆ. ಇಳಕಲ್ಲಿನ ಅಂಗಡಿಯಲ್ಲೂ ಅದೇ ಇತ್ತು. ಇದರಲ್ಲಿ ಹೊಂದಿಸುವವನ ಕೈಗೆ ಹಗ್ಗ ಉದ್ದ, ಸುತ್ತಿಕೊಳ್ಳುವುದೂ ಸುಲಭ.

ಅದನ್ನು ಹೊಂದಿಸುವ ವಿನ್‌ಬಾಕ್ಸ್ ತಂತ್ರಾಂಶದಲ್ಲಿ ಒಳಹೊಕ್ಕು ಮೊದಲು ಐಪಿ, ಫೈರ್‌ವಾಲ್, ಫಿಲ್ಟರ್ ರೂಲ್ಸ್‌ಗೆ ಹೋಗಿ ಫಾಸ್ಟ್‌ಟ್ರ್ಯಾಕ್ ನಿಯಮವನ್ನು ನಿಷ್ಕ್ರಿಯ ಮಾಡಿ. ಇದು ಚಾಲೂ ಇದ್ದರೆ ಪ್ಯಾಕೆಟ್‌ಗಳು ಪಾಳಿ ತಪ್ಪಿಸಿ ಹೋಗುವುದರಿಂದ ಕ್ಯೂಗಳು, ಅಂದರೆ ನಾವು ಬರೆಯುವ ಪಾಳಿಗಳು, ಇದ್ದೂ ಇಲ್ಲದಂತೆ. ಎಷ್ಟೋ ಕಡೆ ಬರಿಯ ಇದೊಂದನ್ನು ಮಾಡಿ, ಹಿಂದಿನವರು ಬರೆದಿಟ್ಟ ಕ್ಯೂಗಳು ಜೀವ ಪಡೆದದ್ದನ್ನು ನೋಡಿದ್ದೇನೆ.

ನಂತರ ಡಿವಿಆರ್‌ಗೆ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ) ಪಟ್ಟಿಯಿಂದ ಒಂದು ಐಪಿ ವಿಳಾಸವನ್ನು ಕಾಯಂ ಮಾಡಿ, ಕರೆ ಮಾಡುವ ಫೋನ್‌ಗೂ ಹಾಗೆಯೇ ಮಾಡಿ. ಕ್ಯೂಸ್ ಮೆನುವಿನ ಸಿಂಪಲ್ ಕ್ಯೂನಲ್ಲಿ ಒಂದು ತಾಯಿ ಕ್ಯೂ ಮಾಡಿ. ಗುರಿ ಇಡೀ ಒಳಜಾಲ, 192.168.88.0/24 ಎಂಬಂತೆ. ಅದರ ಗರಿಷ್ಠ ಮಿತಿ ಅಪ್‌ಲೋಡ್‌ಗೆ 16200ಕೆ, ಡೌನ್‌ಲೋಡ್‌ಗೆ 34200ಕೆ. ಮೈಕ್ರೋಟಿಕ್‌ನಲ್ಲಿ ಅಪ್‌ಲೋಡ್ ಮೊದಲು ಬರುತ್ತದೆ, ಅದಲುಬದಲು ಮಾಡಿಕೊಂಡವರು ಬಹಳ.

ಇದರ ಕೆಳಗೆ ಮೂರು ಮರಿ ಕ್ಯೂಗಳು. ಕರೆಯ ಫೋನ್‌ಗೆ ಖಾತರಿ 4 ಎಂಬಿಪಿಎಸ್, ಗರಿಷ್ಠ ಪೂರ್ತಿ, ಪ್ರಾಶಸ್ತ್ಯ 2. ಡಿವಿಆರ್‌ಗೆ ಖಾತರಿ 2, ಗರಿಷ್ಠ 8, ಪ್ರಾಶಸ್ತ್ಯ 8. ಉಳಿದವರಿಗೆಲ್ಲ ಖಾತರಿ 6, ಗರಿಷ್ಠ ಪೂರ್ತಿ, ಪ್ರಾಶಸ್ತ್ಯ 5. ಇಲ್ಲಿ 1 ಎಲ್ಲಕ್ಕಿಂತ ಮೇಲು, 8 ಎಲ್ಲಕ್ಕಿಂತ ಕೆಳಗೆ. ಪ್ರಾಶಸ್ತ್ಯ ಲೆಕ್ಕಕ್ಕೆ ಬರುವುದು ಒಬ್ಬ ತಾಯಿಯ ಕೆಳಗಿನ ಮರಿಗಳ ನಡುವೆ ಮಾತ್ರ; ತಾಯಿಯಿಲ್ಲದೆ ಬಿಡಿಬಿಡಿಯಾಗಿ ಹಾಕಿದ ಕ್ಯೂಗಳಲ್ಲಿ ಆ ಸಂಖ್ಯೆ ಬರಿಯ ಅಲಂಕಾರ. ಖಾತರಿಗಳ ಮೊತ್ತ ತಾಯಿಯ ಗರಿಷ್ಠವನ್ನು ಮೀರಬಾರದು. ಸಿಂಪಲ್ ಕ್ಯೂಗಳನ್ನು ಮೇಲಿನಿಂದ ಕೆಳಕ್ಕೆ ಹೊಂದಿಸಿ ನೋಡಲಾಗುವುದರಿಂದ “ಉಳಿದವರು” ಕೊನೆಯಲ್ಲಿರಲಿ. ರೂಟರ್‌ಓಎಸ್ 7 ಇದ್ದರೆ ಕ್ಯೂ ಟೈಪ್‌ನಲ್ಲಿ ಎಫ್‌ಕ್ಯೂ-ಕೋಡೆಲ್ ಅಥವಾ ಕೇಕ್ ಸೇರಿಸಿ, ಮರಿಗಳಿಗೆ ಅದನ್ನೇ ಕೊಡಿ.

ಡಿವಿಆರ್‌ನ ಸಂಖ್ಯೆಯನ್ನು ನೋಡಿ ಸಾವಕಾರರು ಹುಬ್ಬೇರಿಸಿದರು. “ಕ್ಯಾಮೆರಾಕ್ಕೆ ಕಡಿಮೆ ಮಾಡಿದರೆ ಕಳ್ಳನ ಮುಖ ಕಾಣುತ್ತದೆಯೋ ಇಲ್ಲವೋ?” ಕಾಣುತ್ತದೆ. ರೆಕಾರ್ಡಿಂಗ್ ಡಿವಿಆರ್‌ನ ಹಾರ್ಡ್‌ಡಿಸ್ಕ್‌ನಲ್ಲಿ ಪೂರ್ತಿ ಗುಣಮಟ್ಟದಲ್ಲಿಯೇ ಉಳಿಯುತ್ತದೆ. ಕ್ಲೌಡ್‌ಗೆ ಹೋಗುವುದು ಮಾತ್ರ ಕರೆ ನಡೆಯುವಾಗ ತುಸು ಹಿಂದೆ ಬೀಳಬಹುದು. ಡಿವಿಆರ್‌ನಲ್ಲೇ ಹೊರಗೆ ಕಳಿಸಲು ಸಬ್‌ಸ್ಟ್ರೀಮ್ (ಕಡಿಮೆ ಗುಣಮಟ್ಟದ ಹಗುರ ಚಿತ್ರ) ಆರಿಸಿದರೆ ಅರ್ಧ ತೊಂದರೆ ಮೂಲದಲ್ಲಿಯೇ ಮಾಯ. ಫೋನ್‌ಗಳ ಫೋಟೊ ಬ್ಯಾಕಪ್ ರಾತ್ರಿ ಚಾರ್ಜ್‌ಗೆ ಹಾಕಿದಾಗ ಆಗುವಂತೆ ಮಾಡಿದರೆ ಇನ್ನೂ ಹಗುರ.

ಫೋನ್ ಬದಲು ಕರೆಯನ್ನೇ ಗುರುತಿಸಬೇಕೆಂದರೆ ಅದು ಬಳಸುವ ಪೋರ್ಟ್ ಸಂಖ್ಯೆ ಹಿಡಿಯಬೇಕು. ಗೂಗಲ್ ಮೀಟ್ ಯುಡಿಪಿ 3478 ಮತ್ತು 19302ರಿಂದ 19309, ಟೀಮ್ಸ್ 3478ರಿಂದ 3481, ಝೂಮ್ 8801ರಿಂದ 8810 ಬಳಸುತ್ತವೆ. ಫೈರ್‌ವಾಲ್‌ನ ಮ್ಯಾಂಗಲ್ ಪುಟದಲ್ಲಿ ಇವಕ್ಕೆ ಗುರುತು ಹಾಕಿ, ಆ ಗುರುತಿನ ಕ್ಯೂ ಮಾಡಬಹುದು. ಡಿಎಸ್‌ಸಿಪಿ ಗುರುತುಗಳ ಬಗ್ಗೆಯೂ ಕೇಳುವವರಿದ್ದಾರೆ: ಪ್ಯಾಕೆಟ್‌ನ ತಲೆಯಲ್ಲಿ 6 ಬಿಟ್‌ನ ಜಾಗ, 64 ಬೆಲೆಗಳು, ಧ್ವನಿಗೆ ಸಾಮಾನ್ಯವಾಗಿ 46. ಕಚೇರಿಯೊಳಗೆ ಐಪಿ ಫೋನ್‌ಗಳಿದ್ದರೆ ಉಪಯೋಗಕ್ಕೆ ಬರುತ್ತದೆ. ಬೇಲಿ ದಾಟಿದ ಮೇಲೆ ಆ ಗುರುತಿಗೆ ಯಾರೂ ಬೆಲೆ ಕೊಡಬೇಕೆಂದಿಲ್ಲ, ಅಳಿಸಿಯೂ ಬಿಡಬಹುದು. ವೈ-ಫೈನಲ್ಲಿ ಧ್ವನಿ, ವಿಡಿಯೊಗೆ ಪ್ರಾಶಸ್ತ್ಯ ಕೊಡುವ ಡಬ್ಲ್ಯುಎಂಎಂ ಆಯ್ಕೆಯನ್ನು ಮಾತ್ರ ಯಾವತ್ತೂ ಬಂದ್ ಮಾಡಬೇಡಿ.

ಮೇಲಿನ ಸ್ಥಾನ ಎಲ್ಲರಿಗೂ ಬೇಕು. ಮಗನ ಆಟಕ್ಕೆ 1, ಟಿವಿಗೆ 1, ಬಿಲ್ಲಿಂಗ್ ಕಂಪ್ಯೂಟರ್‌ಗೆ 1 ಕೇಳುತ್ತಾರೆ. ನಾನು ಒಂದು, ಹೆಚ್ಚೆಂದರೆ ಎರಡು ಸಾಧನಗಳಿಗೆ ಮಾತ್ರ ಕೊಡುತ್ತೇನೆ. ಬಿಲ್ಲಿಂಗ್‌ಗೆ ಬೇಕಾಗುವುದು ಚೂರೇ ಚೂರು, ಎಲ್ಲರ ಸಾಲಿನಲ್ಲಿ ಇದ್ದರೂ ಅದು ಬೇಗ ದಾಟುತ್ತದೆ.

ಮತ್ತೆ ಅಳತೆ

ಮೊದಲು ಮಾಡಿದ ಪಿಂಗ್ ಪರೀಕ್ಷೆಯನ್ನೇ ಮತ್ತೆ ಮಾಡಿ. ಬಿಳಿ ಕೇಬಲನ್ನು ಫೈಬರ್ ಪೆಟ್ಟಿಗೆಯಿಂದ ಕಿತ್ತು ರೂಟರ್‌ಗೆ ಹಾಕಿ, ದೊಡ್ಡ ಕಡತ ಅಪ್‌ಲೋಡ್‌ಗೆ ಬಿಟ್ಟಾಗ ಅಂಗಡಿಯಲ್ಲಿ ಬಂದದ್ದು 31. ಸಾವಕಾರರು ಪರದೆಯ ಸಂಖ್ಯೆಯನ್ನು ನಂಬಲಿಲ್ಲ. ಪುಣೆಗೆ ಕರೆ ಹಚ್ಚಿ, ಅದೇ ಸೆರಗನ್ನು ಮತ್ತೆ ಬಿಚ್ಚಿ, ಅತ್ತಿಂದ ತೆನೆಯ ಸಾಲುಗಳನ್ನು ಎಣಿಸಲು ಹೇಳಿದರು.

ಸಂಖ್ಯೆ 50ರ ಒಳಗೆ ಬರದಿದ್ದರೆ ಮಿತಿಯನ್ನು ಶೇ 5ರಷ್ಟು ಇಳಿಸಿ ನೋಡಿ. ಚೆನ್ನಾಗಿ ಬಂದರೆ ಸ್ವಲ್ಪ ಸ್ವಲ್ಪ ಏರಿಸುತ್ತ ಹೋಗಿ. ವಿಳಂಬ ಉಬ್ಬಲು ತೊಡಗಿದ ಕಡೆ ಒಂದು ಹೆಜ್ಜೆ ಹಿಂದೆ ಬನ್ನಿ. ಮಿತಿ ಹಾಕಿದ ಮೇಲೆ ವೇಗ ಮಿತಿಯ ಅರ್ಧಕ್ಕೂ ಮುಟ್ಟದಿದ್ದರೆ ರೂಟರ್‌ನ ಸಿಪಿಯು ಸಾಲುತ್ತಿಲ್ಲ ಎಂದರ್ಥ. ಪಾಳಿ ನಡೆಸುವುದಕ್ಕೂ ತಲೆ ಬೇಕು. ಹಳೆಯ ಅಗ್ಗದ ರೂಟರ್‌ಗಳು 100 ಎಂಬಿಪಿಎಸ್ ಹತ್ತಿರ ಬಂದಾಗ ಏದುಸಿರು ಬಿಡುತ್ತವೆ.

ಎಲ್ಲ ಮುಗಿದ ಮೇಲೆ ಸೆಟ್ಟಿಂಗ್‌ನ ಬ್ಯಾಕಪ್ ಕಡತ ಇಳಿಸಿಕೊಳ್ಳಿ. ಮಿತಿಯ ಎರಡು ಸಂಖ್ಯೆಗಳನ್ನು, ಹಾಕಿದ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ರೂಟರ್‌ನ ಬೆನ್ನಿಗೆ ಅಂಟಿಸಿ. ಆ ಅಂಗಡಿಯಲ್ಲಿ ನಾನು ಚೀಟಿ ಅಂಟಿಸಿರಲಿಲ್ಲ. ಮೂರು ತಿಂಗಳ ಮೇಲೆ ಸಾವಕಾರರ ಫೋನ್ ಬಂತು: “ತಮ್ಮಾ, ನೂರರ ಪ್ಲ್ಯಾನ್ ಹಾಕಿಸಿದೆ. ಕಂಪನಿಯವರು ಬಂದು ಎಲ್ಲ ಸರಿ ಇದೆ ಎಂದು ಹೋದರು. ಆದರೆ ಮೂವತ್ತನಾಲ್ಕರ ಮೇಲೆ ಒಂದು ಗೆರೆಯೂ ಏರುತ್ತಿಲ್ಲ.” ಏರುವುದಾದರೂ ಹೇಗೆ, ತಾಯಿ ಕ್ಯೂನಲ್ಲಿ 34200 ಹಾಗೆಯೇ ಕುಳಿತಿತ್ತು. ಮತ್ತೆ ಮೂರು ಹೊತ್ತು ಅಳೆಯಿಸಿ, ಕನಿಷ್ಠ 94 ಬಂದದ್ದರಿಂದ 84600 ಹಾಕಿದೆ. ಅಪ್‌ಲೋಡ್‌ಗೂ ಹೊಸ ಅಳತೆಯಂತೆ ಹೊಸ ಸಂಖ್ಯೆ. ಈ ಸಲ ಚೀಟಿಯನ್ನು ಅವರ ಮಗನ ಕೈಯಲ್ಲೇ ಬರೆಸಿದೆ.